ಹರಳೆಣ್ಣೆ ಕುಡಿದ ಕಾರು

ಮೊನ್ನೆ ನನ್ನ ಮೊಮ್ಮಗಳು ಹೊಸ ಕಾರು ತಂದು ಬಾಗಿಲ ಮುಂದೆ ನಿಲ್ಲಿಸಿ, "ಹತ್ತು ತಾತ" ಅಂದಳು. ಹತ್ತಿದೆ. ಮೇಲೂರಿನಿಂದ ಚಿಂತಾಮಣಿಗೆ ಹೋಗಿ, ಕಾಫಿ ಕುಡಿದು, ವಾಪಸ್ಸು ಬಂದೆವು. ಹೊಟ್ಟೆಯೊಳಗಿನ ನೀರು ಅಲುಗಲಿಲ್ಲ. ಆವತ್ತಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಹಾಲು ಹಾಕುವವನಿಗೆ ಎರಡು ಸಲ ಹೇಳಿದೆ, ಮೂರನೆಯ ಸಲಕ್ಕೆ ಅವನು ಕ್ಯಾನು ಎತ್ತಿಕೊಂಡು ಹೊರಟೇಹೋದ. ನಾನು ಎತ್ತಿ ಆಡಿಸಿದ ಕೂಸು ಕಾರು ಓಡಿಸುತ್ತದೆ, ನಾನು ಪಕ್ಕದಲ್ಲಿ ಕಾಲು ಚಾಚಿ ಕೂತಿರುತ್ತೇನೆ. ಮನುಷ್ಯನಿಗೆ ಇದಕ್ಕಿಂತ ಇನ್ನೇನು ಬೇಕು.

ದಾರಿಯಲ್ಲಿ ಅವಳು, "ಇಂಥಾ ಕಾರಲ್ಲಿ ಯಾವತ್ತಾದ್ರೂ ಕೂತಿದ್ಯಾ ತಾತ?" ಅಂತ ಕೇಳಿದಳು. "ಕೂತಿದ್ದೆ ಕಣಮ್ಮ, ಇದರಪ್ಪನಂಥಾ ಕಾರಲ್ಲಿ ಕೂತಿದ್ದೆ" ಅಂದೆ. ನಕ್ಕಳು. ಪೂರ್ತಿ ಹೇಳಿದ ಮೇಲೆ ನಗು ನಿಲ್ಲಿಸಿ ಕಿಟಕಿಯ ಗಾಜು ಏರಿಸಿಕೊಂಡಳು. ಮನೆಗೆ ಬಂದು ಒಂದು ನೋಟ್‌ಬುಕ್ಕು ಕೊಟ್ಟು, ಬರೆದಿಡು ಅಂದಿದ್ದಾಳೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹೊಸ ಪೈಸೆ ಬಂದು ಇನ್ನೂ ಯಾರಿಗೂ ಲೆಕ್ಕ ಕೂಡದಿದ್ದ ಕಾಲ ಅದು. ನನ್ನಣ್ಣ ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಸುತ್ತಿದ್ದ. ರೇಷ್ಮೆಗೆ ಎರಡು ವರ್ಷ ಒಳ್ಳೆಯ ಧಾರಣೆ ಸಿಕ್ಕಿತು. ಬೇರೆಯವರಾದರೆ ಬಾವಿ ತೋಡಿಸುತ್ತಿದ್ದರು, ಹೆಂಡತಿಗೆ ಒಡವೆ ಮಾಡಿಸುತ್ತಿದ್ದರು. ಅಣ್ಣ ಬೆಂಗಳೂರು ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ ಹೋಗಿ, ತನ್ನ ಸೀಮೆಗೆ ಹೊರಟಿದ್ದ ಒಬ್ಬ ಬಿಳಿಯ ದೊರೆಯಿಂದ ಕಾರು ತಂದ. ಆ ದೊರೆ ಅದನ್ನು ಪಂದ್ಯದಲ್ಲಿ ಓಡಿಸುತ್ತಿದ್ದನಂತೆ. ಕಡು ಹಸಿರು ಬಣ್ಣ, ಮೇಲೆ ಸೂರಿಲ್ಲ, ಸೈಕಲ್ಲಿನ ಹಾಗೆ ಕಡ್ಡಿಗಳಿದ್ದ ಚಕ್ರ, ಎಂಜಿನ್ನಿನ ಮುಚ್ಚಳಕ್ಕೆ ಚರ್ಮದ ಬೆಲ್ಟು. ನೆಲಕ್ಕೆ ಎಷ್ಟು ಹತ್ತಿರವಾಗಿತ್ತೆಂದರೆ ಬಾಗಿಲಿಂದ ಕೈ ಇಳಿಬಿಟ್ಟರೆ ಬೆರಳಿಗೆ ಮಣ್ಣು ತಾಕುತ್ತಿತ್ತು. ಸೀಟು ಎರಡೇ.

ಮನೆಯಲ್ಲಿ ನಾವು ಹದಿನಾಲ್ಕು ಜನ. ಅಪ್ಪ ಅದನ್ನು ಒಂದು ಸುತ್ತು ಸುತ್ತಿ ನೋಡಿ, "ಇದಕ್ಕಿಂತ ಗಾಡಿನೇ ವಾಸಿ ಕಣೋ. ಎತ್ತು ಮುದಿಯಾದ್ರೂ ಸಗಣಿ ಹಾಕ್ತದೆ" ಅಂದರು. ಅತ್ತಿಗೆ ಒಳಗಿನಿಂದಲೇ, "ಎರಡೇ ಸೀಟಂತೆ. ನಾನು ಕೂತ್ರೆ ನಿಮ್ಮಮ್ಮನ್ನ ಎಲ್ಲಿ ಕೂರಿಸ್ತೀರ, ನಿಮ್ಮಮ್ಮ ಕೂತ್ರೆ ನನ್ನ ಎಲ್ಲಿ ಕೂರಿಸ್ತೀರ?" ಅಂದಳು. ಅಣ್ಣ ಜಾಣ, ಇಬ್ಬರನ್ನೂ ಕೂರಿಸಲಿಲ್ಲ.

ಅದನ್ನು ಸಾಕುವುದು ಆನೆ ಸಾಕಿದ ಹಾಗೆ. ಗಾಡಿಜಾಡಿನ ನಡುವೆ ದಿಬ್ಬ ಇರುತ್ತದಲ್ಲ, ಅದು ಕಾರಿನ ಹೊಟ್ಟೆಗೆ ಉಜ್ಜುತ್ತಿತ್ತು. ಜಂಗಮಕೋಟೆಗೆ ಹೋಗಬೇಕಾದರೆ ಅಣ್ಣ ಹಿಂದಿನ ದಿನವೇ ಇಬ್ಬರು ಆಳುಗಳನ್ನು ಗುದ್ದಲಿ ಕೊಟ್ಟು ಕಳಿಸಿ ದಿಬ್ಬ ಕೆತ್ತಿಸುತ್ತಿದ್ದ. ಚಕ್ರದ ಕಡ್ಡಿಗಳು ಸಡಿಲವಾಗಿ ಗೆಜ್ಜೆ ಕಟ್ಟಿದಂತೆ ಸದ್ದು ಮಾಡುತ್ತಿದ್ದವು. ಟೈರು ಒಡೆದರೆ ಮದರಾಸಿಗೆ ಕಾಗದ ಬರೆದು ತಿಂಗಳುಗಟ್ಟಲೆ ಕಾಯಬೇಕಿತ್ತು. ನಾಲ್ಕು ಮೈಲಿಗೊಮ್ಮೆ ಅದಕ್ಕೆ ನೀರು ಬೇಕು. ಒಂದು ಬೇಸಿಗೆಯಲ್ಲಿ ಅದು ಕುಡಿದಷ್ಟು ನೀರನ್ನು ನಮ್ಮ ಹಸುಗಳು ಕುಡಿಯಲಿಲ್ಲ. ಇಷ್ಟೆಲ್ಲ ಆದರೂ ಅಣ್ಣ ಅದರ ಸ್ಟೇರಿಂಗ್ ಚಕ್ರ ಹಿಡಿದು ಕೂತರೆ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಅದನ್ನು ನೋಡಿ ಅಪ್ಪ ಸುಮ್ಮನಾಗುತ್ತಿದ್ದರು.

ಹೀಗಿರುವಾಗ ಎಂಜಿನ್ ಎಣ್ಣೆಗೆ ತತ್ವಾರ ಬಂತು. ಕಾರು ಬೇರೆ ಹಳೆಯದು, ಹಾಕಿದ ಎಣ್ಣೆಯನ್ನೆಲ್ಲ ಸುಟ್ಟು ನೀಲಿ ಹೊಗೆ ಬಿಡುತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ಒಬ್ಬ ಮುದುಕ ಸಾಬರು ಮೇಸ್ತ್ರಿ ಇದ್ದರು. ಅವರೊಬ್ಬರೇ ಈ ಕಾರನ್ನು ಮುಟ್ಟುತ್ತಿದ್ದದ್ದು, ನವಾಬ ಅಂತಲೇ ಅದನ್ನು ಕರೆಯುತ್ತಿದ್ದರು. ಅವರು, "ಗೌಡ್ರೇ, ಪಂದ್ಯದ ಗಾಡಿಗೆ ದೊರೆಗಳು ಹರಳೆಣ್ಣೆ ಹಾಕ್ತಾ ಇದ್ರು. ಔಷಧಿ ಅಂಗಡೀದು, ಸೋಸಿದ್ದು ತರ್ಸಿ. ಹಳೇದು ಒಂದು ತೊಟ್ಟೂ ಇರದಂಗೆ ಇಳ್ಸಿ ಹಾಕ್ಬೇಕು" ಅಂದರು. ಅಣ್ಣನ ಕಿವಿಗೆ ಬಿದ್ದದ್ದು ಹರಳೆಣ್ಣೆ ಅನ್ನುವುದಷ್ಟೇ. "ಔಷಧಿ ಅಂಗಡಿ ಯಾಕೆ? ನಮ್ಮ ಹೊಲದ ಬದೂಲೇ ಹರಳು ಬೆಳೀತದೆ. ಅಮ್ಮ ಕಾಯಿಸಿದ ಎಣ್ಣೆಗಿಂತ ಶುದ್ಧವಾದ್ದು ಎಲ್ಲಿ ಸಿಗ್ತದೆ?" ಅಂದ. ಅಮ್ಮ ಹರಳು ಹುರಿದು, ಕುಟ್ಟಿ, ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಮಡಕೆಯಲ್ಲಿ ತುಂಬಿಟ್ಟಿದ್ದರು, ಮಕ್ಕಳ ತಲೆಗೆ ಹಚ್ಚಲು. ಅಣ್ಣ ಅದನ್ನು ಕಾರಿಗೆ ಸುರಿದ.

ಕಾರು ಓಡಿತು. ಮೊದಲಿಗಿಂತ ಮೆತ್ತಗೆ ಓಡಿತು. ಹೊಗೆಯ ವಾಸನೆ ಮಾತ್ರ ಬೇರೆಯಾಯಿತು.

ಆ ವಾಸನೆ ಎಂಥದು ಅಂತ ಈಗಿನವರಿಗೆ ಬಿಡಿಸಿ ಹೇಳಬೇಕು. ಆ ಹೊತ್ತಿಗೆ ಎಲ್ಲರ ಮನೆಗೂ ಸೀಮೆಎಣ್ಣೆ ಬುಡ್ಡಿ ಬಂದಿತ್ತು. ದೇವರಿಗೆ ಎಳ್ಳೆಣ್ಣೆ. ಹರಳೆಣ್ಣೆ ದೀಪ ಉಳಿದಿದ್ದದ್ದು ಒಂದೇ ಕಡೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಜೀವ ಹೋದ ಜಾಗದಲ್ಲಿ ಹನ್ನೊಂದು ದಿನ ಹರಳೆಣ್ಣೆಯ ದೀಪ ಆರದಂತೆ ಉರಿಸುತ್ತಿದ್ದರು. ಆ ಮನೆಯ ಮುಂದೆ ಹಾದುಹೋದರೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮ ಕಾರು ಈಗ ಆ ವಾಸನೆಯನ್ನು ಊರಿಂದೂರಿಗೆ ಹೊತ್ತುಕೊಂಡು ಹೋಗುತ್ತಿತ್ತು.

ಮೊದಲು ಗೊತ್ತಾದದ್ದು ಅಮ್ಮನಿಗೆ. ಆವತ್ತು ಸಂಜೆ ಅಣ್ಣ ಕಾರಿಳಿದು ಒಳಗೆ ಕಾಲಿಡಲು ಹೋದಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತರು. "ಹಿತ್ತಲ ಕಡೆಯಿಂದ ಬಾ. ತಲೆ ಮೇಲೆ ನೀರು ಹಾಕ್ಕೊಂಡು ಒಳಗೆ ಬಾ" ಅಂದರು. ಮಣ್ಣು ಮಾಡಿ ಬಂದವರಿಗೆ ಹೇಳುವ ಮಾತು ಅದು. ಅಣ್ಣ ನಕ್ಕ. ಆದರೆ ಸ್ನಾನ ಮಾಡಿದ. ಆಮೇಲೆ ಪ್ರತಿ ಸಲವೂ ಮಾಡಿದ.

ಜಂಗಮಕೋಟೆ ದಾರಿಯ ಒಂದು ಹಳ್ಳಿಯಲ್ಲಿ ನೀರಿಗೆಂದು ನಿಂತಾಗ ಜಗುಲಿಯ ಮೇಲೆ ಕೂತಿದ್ದ ಅಜ್ಜ ಮೂಗು ಎತ್ತಿ, "ಯಾರಪ್ಪ ಹೋದ್ರು?" ಅಂದ. "ಯಾರೂ ಹೋಗಿಲ್ಲ, ಕಾರಿನ ಹೊಗೆ" ಅಂದ ಅಣ್ಣ. ಅಜ್ಜ ನಂಬಲಿಲ್ಲ, ಎದ್ದು ಮನೆಯೊಳಗೆಲ್ಲ ನೋಡಿ ಬಂದ. ಮಾರನೆಯ ದಿನ ಆ ಅಜ್ಜನೇ ಇಲ್ಲ ಅಂತ ಸುದ್ದಿ ಬಂತು. ವಯಸ್ಸಾದವನು, ಹೋದ. ನಾವು ಹಾಗೇ ಅಂದುಕೊಂಡೆವು. ಊರವರು ಹಾಗೆ ಅಂದುಕೊಳ್ಳಲಿಲ್ಲ.

ಇನ್ನೊಂದು ನಡೆದದ್ದು ಮಂಡಿಕಲ್ಲಿನಲ್ಲಿ. ಆಗ ಅಣ್ಣ ಒಬ್ಬನೇ ಹೋಗಿದ್ದ. ಕಾರು ನಿಲ್ಲಿಸಿ ಯಾರಿಗೋ ಕಾಯುತ್ತಿದ್ದಾಗ ಒಂದು ಮನೆಯಿಂದ ಹೆಂಗಸೊಬ್ಬಳು ಬಂದಳಂತೆ. ಗಂಡ ಸತ್ತು ಇನ್ನೂ ತಿಂಗಳಾಗಿರಲಿಲ್ಲ. ನೆಟ್ಟಗೆ ಬಂದು, ಅಣ್ಣನ ಪಕ್ಕದ ಖಾಲಿ ಸೀಟಿನ ಕಡೆ ಬಗ್ಗಿ, "ಊಟ ಆಯ್ತಾ?" ಅಂತ ಕೇಳಿದಳಂತೆ. ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, "ಸರಿ ಹಂಗಾದ್ರೆ" ಅಂತ ಸೆರಗು ಹೊದ್ದುಕೊಂಡು ಒಳಗೆ ಹೋದಳಂತೆ.

ಅಣ್ಣ ಇದನ್ನು ನಗುತ್ತಲೇ ಹೇಳಿದ. ಆದರೆ ಮಾರನೆಯ ದಿನದಿಂದ ಒಬ್ಬನೇ ಹೋಗುವುದನ್ನು ಬಿಟ್ಟ. "ಬಾರೋ, ಸುಮ್ನೆ ಜೊತೇಲಿರು" ಅಂತ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ನನಗೆ ಆಗ ಇಪ್ಪತ್ತೆರಡು. ಕಾರಿನಲ್ಲಿ ನನ್ನ ಕೆಲಸ ಇಷ್ಟೇ, ಆ ಸೀಟು ಖಾಲಿ ಇರದಂತೆ ನೋಡಿಕೊಳ್ಳುವುದು.

ಆ ಕಾರಿಗೆ ಇನ್ನೊಂದು ಕೆಟ್ಟ ಚಾಳಿ ಇತ್ತು. ಕೀಲಿ ತಿರುಗಿಸಿ ಕೈಗೆ ತೆಗೆದುಕೊಂಡ ಮೇಲೂ ಎಂಜಿನ್ನು ನಿಲ್ಲುತ್ತಿರಲಿಲ್ಲ. ಬಿಟ್ಟು ಬಿಟ್ಟು ಗುಡುಗುಡು ಅನ್ನುತ್ತಿತ್ತು. ಒಳಗೆಲ್ಲ ಮಸಿ ಕಟ್ಟಿ, ಆ ಕಾವಿಗೆ ತಾನಾಗಿ ಹತ್ತಿಕೊಳ್ಳುತ್ತದೆ ಅಂತ ಮೇಸ್ತ್ರಿ ಹೇಳಿದ್ದರು. ಅವರು ಹೇಳಿದ್ದು ನಿಜವೇ ಇರಬೇಕು. ಆದರೆ ಇಳಿದು ಹತ್ತು ಹೆಜ್ಜೆ ನಡೆದ ಮೇಲೆ ಬೆನ್ನ ಹಿಂದೆ ಅದು ಉಸಿರಾಡುವುದು ಕೇಳಿದರೆ, ಮೇಸ್ತ್ರಿ ಹೇಳಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಆಗಲೇ ನನಗೆ ಹೆಣ್ಣು ಗೊತ್ತಾದದ್ದು. ಚಿಂತಾಮಣಿ ಪಕ್ಕದ ಒಂದು ಹಳ್ಳಿ, ದೊಡ್ಡ ಕೆರೆಯ ಹಿಂದೆ. ಅವಳನ್ನು ನಾನು ಒಂದೇ ಸಲ ನೋಡಿದ್ದೆ, ಗೌರಿಬಿದನೂರಿನಲ್ಲಿ ನೆಂಟರ ಮದುವೆಗೆ ಹೋದಾಗ. ಬಡಿಸುತ್ತಿದ್ದಳು. ನನ್ನ ಎಲೆಗೆ ತೊವ್ವೆ ಹಾಕಿ ಮುಂದೆ ಹೋದವಳು ತಿರುಗಿ ಬಂದು ಇನ್ನೊಂದು ಸೌಟು ಹಾಕಿದಳು. ನನಗೆ ಅಷ್ಟೇ ಸಾಕಾಯಿತು. ಆದರೆ ಒಂದು ತೊಡಕಿತ್ತು. ಅವಳ ಸೋದರಮಾವನೊಬ್ಬ, ಹೆಣ್ಣು ತನಗೇ ಬರಬೇಕು, ಅದು ತನ್ನ ಹಕ್ಕು ಅಂತ ಕೂತಿದ್ದ. ಮನೆಯಲ್ಲಿ ಅವಳ ತಂದೆಯ ತಾಯಿ ಒಂದು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಅವರನ್ನು ಆ ಮನೆಯಲ್ಲಿ ಎಲ್ಲರೂ ಅವ್ವ ಅನ್ನುತ್ತಿದ್ದರು. ಅವ್ವ ತೀರಿಕೊಂಡರೆ ಒಂದು ವರ್ಷ ಆ ಮನೆಯಲ್ಲಿ ಶುಭಕಾರ್ಯ ಇಲ್ಲ. ವರ್ಷದೊಳಗೆ ಸೋದರಮಾವ ಬಿಡುತ್ತಾನೆಯೇ? ಅವ್ವನ ಉಸಿರು ಎಷ್ಟು ದಿನವೋ, ನನ್ನ ಮದುವೆಯ ಆಸೆಯೂ ಅಷ್ಟೇ ದಿನ.

ವೀಳ್ಯದ ಶಾಸ್ತ್ರಕ್ಕೆ ದಿನ ಗೊತ್ತಾಯಿತು. ಎಲೆ ಅಡಿಕೆ ಬದಲಾಯಿಸಿದರೆ ಮಾತು ಗಟ್ಟಿ. ಹೆಣ್ಣಿನ ತಂದೆ ಹೇಳಿ ಕಳಿಸಿದರು, "ಎಲ್ಲಾರೂ ಬಸ್ಸಲ್ಲಿ ಬನ್ನಿ. ಆ ಕಾರು ಮಾತ್ರ ಬ್ಯಾಡ. ಮನೇಲಿ ದೊಡ್ಡೋರು ಮಲಗವ್ರೆ."

ಅಣ್ಣನಿಗೆ ಅದು ನಾಟಿತು. "ಬಸ್ಸಲ್ಲಿ ಹೋಗೋದಾದ್ರೆ ನಾನು ಕಾರು ಯಾಕೆ ಇಟ್ಕೊಬೇಕು? ನಾನು ಬಂದ್ರೆ ಇದ್ರಲ್ಲೇ ಬರ್ತೀನಿ" ಅಂದ. ಅಪ್ಪ ಮತ್ತು ಊರಿನ ಇಬ್ಬರು ಹಿರಿಯರು ಬಸ್ಸು ಹತ್ತಿದರು. ವೀಳ್ಯಕ್ಕೆ ಗಂಡು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ನಾನು ಹೋದದ್ದು ಸೀಟು ತುಂಬಿಸುವುದಕ್ಕೆ.

ಮಾಘದ ಚಳಿ. ಹೊತ್ತು ಏರಿದ್ದರೂ ಮಂಜು ಹೊಲದ ಮೇಲೇ ಮಲಗಿತ್ತು. ಗಾಳಿ ನಮ್ಮ ಬೆನ್ನ ಹಿಂದಿನಿಂದ ಬೀಸುತ್ತಿದ್ದರಿಂದ ಹೊಗೆ ನಮಗಿಂತ ಮುಂದೆ ಹೋಗುತ್ತಿತ್ತು. ಹಳ್ಳಿಗೆ ತಿರುಗಿದಾಗ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಒಂದೊಂದೇ ಬಾಗಿಲು ನಾವು ಮುಟ್ಟುವ ಮೊದಲೇ ಮುಚ್ಚಿಕೊಳ್ಳುತ್ತಿತ್ತು. ಸದ್ದು ಮಾಡದೆ, ಮೆಲ್ಲಗೆ, ಒಳಗೆ ಮಗು ಮಲಗಿದ್ದರೆ ಮುಚ್ಚುತ್ತಾರಲ್ಲ, ಹಾಗೆ. ನಾಯಿಗಳು ಬೊಗಳಲಿಲ್ಲ. ಗೋಡೆ ಪಕ್ಕ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ ನಮ್ಮನ್ನೇ ನೋಡುತ್ತಿದ್ದವು.

ಹೆಣ್ಣಿನ ತಂದೆ ಬಾಗಿಲಲ್ಲಿ ನಿಂತಿದ್ದರು. "ಬ್ಯಾಡ ಅಂತ ಹೇಳಿ ಕಳ್ಸಿದ್ನಲ್ಲ ಸ್ವಾಮಿ" ಅಂದರು, ಅಷ್ಟೇ. ಅವರ ಹಿಂದೆ ಸೋದರಮಾವ. ನಮ್ಮಪ್ಪ ಒಳಗೆ ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದವರು ತಲೆ ತಗ್ಗಿಸಿದರು. ಅಣ್ಣ ಕೀಲಿ ತೆಗೆದುಕೊಂಡು ಇಳಿದ. ಎಂಜಿನ್ನು ತನ್ನ ಪಾಡಿಗೆ ಗುಡುಗುಡು ಅನ್ನುತ್ತಲೇ ಇತ್ತು.

ಆಗ ಒಳಗಿನ ಕೋಣೆಯಿಂದ ದನಿ ಬಂತು. "ಯಾರ ಮನೇಲಿ ದೀಪ ಹಚ್ಚವ್ರೆ?"



"ಕೇಳುದ್ರಾ?" ಅಂದ ಸೋದರಮಾವ. "ಅವ್ವಂಗೆ ಗೊತ್ತಾಗೋಯ್ತು. ಇನ್ನೇನು ವೀಳ್ಯ, ಇನ್ನೇನು ಶಾಸ್ತ್ರ."

ತಿಂಗಳಿಂದ ಮಗ್ಗುಲು ಬದಲಾಯಿಸಲೂ ಆಗದಿದ್ದ ಅವ್ವ ಗೋಡೆ ಹಿಡಿದುಕೊಂಡು ನಡೆದು ಬಂದರು. ಬಿಳಿ ಸೀರೆ, ಬಿಚ್ಚಿದ ಕೂದಲು, ಬರಿಗಾಲು. ಮಗ ಹಿಡಿದುಕೊಳ್ಳಲು ಹೋದರೆ ಕೈ ಕೊಡವಿದರು. ನೆಟ್ಟಗೆ ಕಾರಿನ ಹತ್ತಿರ ಬಂದು ನನ್ನನ್ನು ನೋಡಿದರು. ನನ್ನನ್ನಲ್ಲ, ನಾನು ಕೂತಿದ್ದ ಜಾಗವನ್ನು.

"ಇಳಿಯಪ್ಪ. ಅದು ನನ್ ಜಾಗ."

ಇಳಿದೆ. ಅವ್ವ ಹತ್ತಿ ಕೂತರು. ಆ ಸೀಟು ಯಾರು ಕೂತರೂ ಕಿರ್ ಅನ್ನುತ್ತಿತ್ತು. ಅವ್ವ ಕೂತಾಗ ಅನ್ನಲಿಲ್ಲ.

"ರಾ ನಾಯ್ನಾ, ಹೋಗಣ" ಅಂದರು. ಬಾ ಮಗ ಅಂತ; ಆ ಕಡೆಯವರ ಮಾತಿನಲ್ಲಿ ತೆಲುಗು ಹಾಗೇ ಬೆರೆತಿರುತ್ತದೆ.

ಅಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಊರೂರಲ್ಲಿ ಮೀಸೆ ತಿರುವಿಕೊಂಡು ಆ ಕಾರು ಓಡಿಸಿದವನು, "ಪೆಟ್ರೋಲ್ ಮುಗಿದೈತೆ ಅವ್ವ" ಅಂತ ಸುಳ್ಳು ಹೇಳಿದ.

"ನಿನ್ನ ಕರ್ದಿಲ್ಲ. ಈ ಹುಡುಗನ್ನ ಕರ್ದೆ" ಅಂದರು ಅವ್ವ.

ಸೋದರಮಾವ ನನ್ನ ಕಿವಿಯ ಹತ್ತಿರ ಬಂದು, "ದಾರೀಲಿ ಏನಾದ್ರೂ ಆಯ್ತು ಅಂದ್ರೆ ಈ ಬಾಗಿಲಿಗೆ ತಿರ್ಗಿ ಬರ್ಬೇಡ" ಅಂದ. ನಾನು ಅಪ್ಪನ ಕಡೆ ನೋಡಿದೆ. ಅಪ್ಪ, "ದೊಡ್ಡೋರು ಕೇಳ್ತಾವ್ರೆ. ಹೋಗು" ಅಂದರು. ಬಾಗಿಲ ಸಂದಿಯಲ್ಲಿ ಅವಳಿದ್ದಳು. ತೊವ್ವೆ ಬಡಿಸಿದವಳು. ಅವಳ ಕಣ್ಣು ನನ್ನ ಮೇಲಿತ್ತು, ಕೈ ಬಾಯಿಯ ಮೇಲಿತ್ತು. ನಾನು ಅಣ್ಣನ ಕೈಯಿಂದ ಕೀಲಿ ತೆಗೆದುಕೊಂಡೆ.

ನನಗೆ ಮೊದಲನೆಯ ಗೇರು ಮಾತ್ರ ಬರುತ್ತಿತ್ತು. ಅಷ್ಟೇ ಸಾಕಾಯಿತು. ಬೀದಿ ದಾಟಿದ ಮೇಲೆ ಅವ್ವ ಕೇಳಿದರು, "ನಿಂಗೆ ಇದು ಓಡ್ಸಕ್ಕೆ ಬರ್ತದಾ?"

"ಸರ್ಯಾಗಿ ಬರಲ್ಲ ಅವ್ವ."

"ಒಳ್ಳೇದಾಯ್ತು. ಬರೋರು ಬಿರ್ರನೆ ಹೋಗ್ತಾರೆ. ಕೆರೆ ಏರಿ ಮೇಲೆ ಬಿಡು."

ಏರಿಯ ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಎರಡೂ ಕಾಣುತ್ತಿರಲಿಲ್ಲ, ಎರಡೂ ಕಡೆ ಮಂಜೇ. ನಮ್ಮ ಹೊಗೆ ಅದರಲ್ಲಿ ಸೇರಿಕೊಂಡು ಕರಗದೆ ಜೊತೆಯಲ್ಲೇ ಬರುತ್ತಿತ್ತು. ಅವ್ವ ಕಣ್ಣು ಮುಚ್ಚಿದ್ದರು. ಜೀವ ಇದೆಯೋ ಹೋಯಿತೋ ನೋಡೋಣವೆಂದರೆ ನನ್ನ ಎರಡು ಕೈಯೂ ಚಕ್ರದ ಮೇಲೆ, ಕಣ್ಣು ದಾರಿಯ ಮೇಲೆ. ಹತ್ತು ಮಾರಿಗೊಂದು ಸಲ "ಅವ್ವ" ಅನ್ನುತ್ತಿದ್ದೆ. "ಊಂ" ಅನ್ನುತ್ತಿದ್ದರು. "ಅವ್ವ." "ಊಂ." ಏರಿಯ ನಡುಮಧ್ಯ "ಅವ್ವ" ಅಂದೆ. ಊಂ ಬರಲಿಲ್ಲ. ಮತ್ತೆ ಅಂದೆ. ಬಂತು. ಆದರೆ ಅದು ಗಂಡಸಿನ ಗಂಟಲಿನ ಊಂ. ಎಂಜಿನ್ನಿನ ಸದ್ದಿರಬಹುದು. ಎಷ್ಟೋ ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೇನೆ. ಆಮೇಲೆ ನಾನು ಕರೆಯುವುದನ್ನು ನಿಲ್ಲಿಸಿದೆ.

ಏರಿ ಮುಗಿದಲ್ಲಿ ಅವರ ಹೊಲ. ಒಂದು ಹೊಂಗೆ ಮರದ ಕೆಳಗೆ ಅವ್ವನ ಗಂಡನ ಸಮಾಧಿ. ಅವರು ಹೋಗಿ ಹತ್ತು ವರ್ಷವಾಗಿತ್ತು. "ಇಲ್ಲಿ" ಅಂದರು ಅವ್ವ. ನಿಲ್ಲಿಸಿ ಕೀಲಿ ತಿರುಗಿಸಿದೆ. ಎಂಜಿನ್ನು ನಿಲ್ಲಲಿಲ್ಲ.

ಅವ್ವ ಕೂತಲ್ಲಿಂದಲೇ ಸಮಾಧಿಯ ಕಡೆ ತಿರುಗಿ ಮಾತಾಡಿದರು. ಜಗುಲಿಯ ಮೇಲೆ ಕೂತು ಎದುರು ಮನೆಯವರ ಜೊತೆ ಮಾತಾಡುವ ದನಿ. "ಬಂದಿದೀನಿ ನೋಡಿ. ಗಾಡಿ ಕಳಿಸಿದ್ರಿ, ಬಂದೆ. ಆದ್ರೆ ಇವತ್ತು ನಾನು ಇಳಿಯಲ್ಲ. ಕೂಸಿಗೆ ತಾಳಿ ಬೀಳ್ಲಿ. ಅದನ್ನ ಅದ್ರ ಸೋದರಮಾವಂಗೆ ಕೊಡಬ್ಯಾಡಿ ಅಂತ ನೀವೇ ಹೇಳಿ ಹೋದ್ರಿ."

ಗುಡುಗುಡು, ಗುಡುಗುಡು.

"ಅಷ್ಟೇನಾ?" ಅಂದರು ಅವ್ವ. ಸಂತೆಯಲ್ಲಿ ಬಳೆಗಾರನ ಹತ್ತಿರ ಚೌಕಾಸಿ ಮಾಡುವ ಹಾಗೆ ಮುಖ ಸೊಟ್ಟ ಮಾಡಿದರು. "ಅಷ್ಟು ಸಾಲದು. ಅದರ ಮಗೂನೂ ನೋಡ್ಬೇಕು ನಾನು. ನೀವು ನೋಡ್ದೆ ಹೋದ್ರಿ, ನಾನು ನೋಡಿ ಬಂದು ಹೇಳ್ತೀನಿ."

ಎಂಜಿನ್ನು ತುಸು ಹೊತ್ತು ಉಸಿರು ಕಟ್ಟಿದಂತೆ ಸುಮ್ಮನಾಯಿತು. ಆಮೇಲೆ ಮೂರು ಸಲ ಗುಡುಗಿತು. ಕಾರು ಒಮ್ಮೆ ಜಗ್ಗಿ, ಎಂಜಿನ್ನು ನಿಂತಿತು. ಏರಿಯ ಮೇಲೆ ಕೊಕ್ಕರೆ ಇಳಿದದ್ದು ಕೇಳಿಸುವಷ್ಟು ಸದ್ದಡಗಿತು.

"ಸರಿ" ಅಂದರು ಅವ್ವ. "ನಡಿಯಪ್ಪ ಮನೇಗೆ."

ಕೀಲಿ ತಿರುಗಿಸಿದೆ. ಏನೂ ಇಲ್ಲ. ಇಳಿದು ಮುಂದಿನ ಹ್ಯಾಂಡಲ್ ಹಾಕಿ ಮೈಭಾರವೆಲ್ಲ ಬಿಟ್ಟು ತಿರುವಿದೆ. ಕಲ್ಲಿಗೆ ಹಾಕಿದಂತಾಯಿತು. ನೀರಂಶ ಇದ್ದ ಎಣ್ಣೆ, ಹಳೆಯದರ ಜೊತೆ ಬೆರೆತು ಅಂಟಾಗಿ ಎಂಜಿನ್ನು ಕಚ್ಚಿಕೊಂಡಿದೆ ಅಂತ ಮೇಸ್ತ್ರಿ ಆಮೇಲೆ ಹೇಳಿದರು. ಅವ್ವ ಹೇಳಿದ್ದು ಬೇರೆ. "ಅದು ಬರಲ್ಲ ಬಿಡು. ನನ್ ಬದ್ಲಿಗೆ ಅದನ್ನ ಒತ್ತೆ ಇಟ್ಕೊಂಡವ್ರೆ."

ಅವರನ್ನು ಬೆನ್ನ ಮೇಲೆ ಹೊತ್ತುಕೊಂಡೇ ಏರಿ ದಾಟಿದೆ. ಹೋಗುವಾಗ ಸೀಟನ್ನೂ ಅದುಮದಿದ್ದವರು ಬರುವಾಗ ಭಾರವಾಗಿದ್ದರು. ಬೆನ್ನಿಗೆ ಬಿಸಿ ತಾಕುತ್ತಿತ್ತು. ಆ ಭಾರಕ್ಕೆ ಎಷ್ಟು ಸಂತೋಷಪಟ್ಟೆನೋ ದೇವರಿಗೇ ಗೊತ್ತು. ಮನೆಯ ಮುಂದೆ ಇಳಿಸಿದಾಗ ಅವರು ಕೇಳಿದ ಮೊದಲ ಮಾತು, "ಮುದ್ದೆ ಐತಾ?" ಎರಡನೆಯದು, "ತಟ್ಟೆ ತನ್ನಿ, ಎಲೆ ಅಡಿಕೆ ಬದಲಾಯಿಸ್ಕೊಳ್ಳಿ." ಸೋದರಮಾವ ಏನೋ ಅನ್ನಲು ಬಾಯಿ ತೆರೆದ. "ನೀನು ಬೇಕಾದ್ರೆ ಹೊಲಕ್ಕೆ ಹೋಗಿ ಅವ್ರನ್ನೇ ಕೇಳ್ಕೊ" ಅಂದರು ಅವ್ವ. ಅವನು ಹೋಗಲಿಲ್ಲ.

ಹದಿನೈದು ದಿನದಲ್ಲಿ ನನ್ನ ಮದುವೆಯಾಯಿತು. ಅವ್ವ ಕಂಬಕ್ಕೆ ಒರಗಿ ಕೂತು ಮೊದಲ ಅಕ್ಷತೆ ಹಾಕಿದರು.

ಇನ್ನು ಅಣ್ಣನ ಕಷ್ಟ. ಮದುವೆಯ ಮೂರನೆಯ ದಿನವೇ ಅವನು ಮೇಸ್ತ್ರಿಯನ್ನು ಕರೆದುಕೊಂಡು, ನಾಲ್ಕು ಎತ್ತು ಹಿಡಿದುಕೊಂಡು, ಕಾರು ಎಳೆಸಲು ಬಂದ. ಹೆಣ್ಣಿನ ತಂದೆ, ನನ್ನ ಮಾವ, ಏರಿಯ ಮೇಲೆ ಅಡ್ಡ ನಿಂತರು. ಜಗಳಕ್ಕಲ್ಲ. ಕೈ ಮುಗಿದು ನಿಂತಿದ್ದರು. "ಒತ್ತೆ ಬಿಡಿಸ್ಕೊಂಡ್ರೆ ಅವ್ರು ಅವ್ವನ್ನ ಕೇಳ್ತಾರೆ. ಇನ್ನು ಸ್ವಲ್ಪ ದಿನ ಇರ್ಲಿ ಯಜಮಾನ್ರೇ." ಅಣ್ಣ ಕಾರನ್ನು ನೋಡಿದ, ಅವರ ಕೈ ನೋಡಿದ, ನನ್ನನ್ನು ನೋಡಿದ. ನನ್ನ ಹೆಂಡತಿ ನನ್ನ ಹಿಂದೆ ನಿಂತಿದ್ದಳು, ಅರಿಶಿನದ ಸೀರೆಯಲ್ಲಿ. ಅವನು ಎತ್ತು ತಿರುಗಿಸಿದ. ಮೇಸ್ತ್ರಿ ಮಾತ್ರ ಹೋಗುವಾಗ, "ಗೌಡ್ರೇ, ಮಳೆ ಬಂದ್ರೆ ನವಾಬನ ಮೈಯೆಲ್ಲ ತುಕ್ಕು" ಅಂತ ತಮ್ಮ ಹಳೆಯ ಕಂಬಳಿ ಅದರ ಮೇಲೆ ಹೊದಿಸಿದರು.

ಸ್ವಲ್ಪ ದಿನ ಅಂದದ್ದು ಎರಡೂವರೆ ವರ್ಷವಾಯಿತು. ಅವ್ವ ಮುದ್ದೆ ತಿಂದರು, ಕಡಲೆಕಾಯಿ ಸುಲಿದರು, ಸೊಸೆಯ ಜೊತೆ ಜಗಳವಾಡಿದರು. ಕಾರು ಸಮಾಧಿಯ ಪಕ್ಕದಲ್ಲಿ ನಿಂತೇ ಇತ್ತು. ಹೊಂಗೆ ಎಲೆ ಸೀಟು ತುಂಬಿತು, ಚಕ್ರದ ಕಡ್ಡಿಗಳ ನಡುವೆ ಹುಲ್ಲು ಬೆಳೆಯಿತು, ದೀಪದ ಗಾಜಿನೊಳಗೆ ಕಣಜ ಗೂಡು ಕಟ್ಟಿತು. ಎಷ್ಟು ಮಳೆ ಬಂದರೂ ಆ ವಾಸನೆ ಮಾತ್ರ ತೊಳೆದುಹೋಗಲಿಲ್ಲ. ಹೊಲಕ್ಕೆ ಹೋದವರು ಅದರ ಹತ್ತಿರ ಮಾತು ತಗ್ಗಿಸುತ್ತಿದ್ದರು. ಅಣ್ಣ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು, ಏರಿಯ ಮೇಲೆ ಕೂತು, ದೂರದಿಂದ ಅದನ್ನು ನೋಡಿ, ಬೀಡಿ ಸೇದಿ, ವಾಪಸ್ಸು ಹೋಗುತ್ತಿದ್ದ. ಒಂದು ಸಲವೂ ನನ್ನನ್ನು ದೂರಲಿಲ್ಲ. ಅಂಥ ಅಣ್ಣ ಯಾರಿಗೆ ಸಿಗುತ್ತಾನೆ ಹೇಳಿ.

ಹೆಂಡತಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಳು. ಹೆಣ್ಣು ಹುಟ್ಟಿತು. ಅವ್ವ ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕುತ್ತಿದ್ದರು, ಐದು ತಿಂಗಳು, ಒಂದು ದಿನವೂ ಬಿಡದೆ. ಮಗುವಿನ ಕಿವಿಯಲ್ಲಿ ಏನೇನೋ ಹೇಳುತ್ತಿದ್ದರು. ನಾನು ಹೋದಾಗ ಒಂದು ದಿನ, "ಇದರ ಮೂಗು ಅವ್ರದ್ದೇ ಕಣಪ್ಪ. ಹೇಳ್ಬೇಕು ಅವ್ರಿಗೆ" ಅಂದರು. ಆಮೇಲೆ ಸಹಜವಾಗಿ, "ನಿಮ್ಮಣ್ಣಂಗೆ ಹೇಳಪ್ಪ, ಅವನ ಕಾರು ಅವನು ತಗೊಂಡೋಗ್ಲಿ. ಪಾಪ, ಬಸ್ಸಿಗೆ ಓಡಾಡಿ ಓಡಾಡಿ ಇಳಿದುಹೋಗವ್ನೆ" ಅಂದರು.

"ಬ್ಯಾಡ ಅವ್ವ. ಅದು ಅಲ್ಲೇ ಇರ್ಲಿ" ಅಂದೆ.

"ಎಷ್ಟು ದಿನ ಅಂತ ಬೇರೇಯೋರ ವಸ್ತು ಇಟ್ಕೊಳ್ಳೋದು. ನನ್ ಮಾತು ನಾನು ಉಳಿಸ್ಕೊಬೇಕು" ಅಂದರು.

ನಾನು ಅಣ್ಣನಿಗೆ ಹೇಳಲೇ ಇಲ್ಲ. ಒಂದು ವಾರ ತಡೆದೆ. ಅವ್ವ ಬೇರೆಯವರ ಕೈಲಿ ಹೇಳಿ ಕಳಿಸಿದರು. ಅಣ್ಣ ಎತ್ತು ಹಿಡಿದುಕೊಂಡು ಬಂದ. ಕಾರಿನ ಮುಂಭಾಗಕ್ಕೆ ಹಗ್ಗ ಬಿಗಿದರು. ಯಾರಾದರೂ ಚಕ್ರ ಹಿಡಿದು ತಿರುಗಿಸಬೇಕಲ್ಲ, ಅಣ್ಣ ಆಗಲೂ ಅದರೊಳಗೆ ಕಾಲಿಡಲಿಲ್ಲ. ನಾನೇ ಎಲೆ ಗುಡಿಸಿ ಕೂತೆ. ಎತ್ತುಗಳು ಒಂದೇ ಎಳೆತಕ್ಕೆ ಎಳೆದವು. ಎರಡೂವರೆ ವರ್ಷ ನೆಲಕ್ಕೆ ಕಚ್ಚಿಕೊಂಡಿದ್ದದ್ದು ಹೂವು ಬಿಡಿಸಿದ ಹಾಗೆ ಬಂತು.

ಕೆರೆ ಏರಿಯ ಮೇಲೆ ಅರ್ಧ ಬಂದಿದ್ದೆವು. ಆ ತುದಿಯಲ್ಲಿ ನನ್ನ ಹೆಂಡತಿ ನಿಂತಿದ್ದಳು, ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು. ಕೂಗಲಿಲ್ಲ, ಕೈ ಬೀಸಲಿಲ್ಲ, ಅವಳು ನಿಂತ ರೀತಿಯಲ್ಲೇ ಅವ್ವ ಹೋದದ್ದು ನನಗೆ ತಿಳಿಯಿತು. ಮಗು ಮಾತ್ರ ನನ್ನ ಪಕ್ಕದ ಖಾಲಿ ಸೀಟಿನ ಕಡೆ ನೋಡಿ, ಯಾರನ್ನೋ ಗುರುತು ಹಿಡಿದ ಹಾಗೆ, ಬಾಯಿ ತುಂಬ ನಗುತ್ತಿತ್ತು. ಅಣ್ಣ ಹಗ್ಗ ಜಗ್ಗಿ ಎತ್ತು ನಿಲ್ಲಿಸಲು ಹೋದ.

"ನಿಲ್ಲಿಸ್ಬೇಡಣ್ಣ" ಅಂದೆ. "ಏರಿ ದಾಟ್ಲಿ."